ಕೇಂದ್ರೀಯ ಅಭಿಧಮನಿ ಕ್ಯಾಥೆಟರ್ ಮತ್ತು ಸೋಂಕು: ಬೀದರ ಸೀಮೆಯ ಹಿನ್ನೆಲೆಯಲ್ಲಿ

ಹೃದಯದ ಸಮೀಪದ ಮಹಾಸಿರೆಯೊಳಗೆ ತಿಂಗಳುಗಟ್ಟಲೆ ಇರಿಸುವ ಮೃದುವಾದ ನಳಿಕೆಗೆ ಕೇಂದ್ರೀಯ ಅಭಿಧಮನಿ ಕ್ಯಾಥೆಟರ್ ಎಂದು ಹೆಸರು. ಮೂತ್ರಪಿಂಡಗಳು ಸೋತವರ ಡಯಾಲಿಸಿಸ್‌ಗೂ ಅರ್ಬುದರೋಗಿಗಳ ಔಷಧಕ್ಕೂ ಇದು ಒದಗುತ್ತದೆ. ಆದರೆ ಔಷಧವು ಒಳಹೋಗುವ ದಾರಿಯಲ್ಲಿಯೇ ಸೂಕ್ಷ್ಮಾಣುಗಳೂ ಹೋಗಬಲ್ಲವಾದುದರಿಂದ, ಈ ಸಾಧನದ ಚರಿತ್ರೆಯು ಬಹುಮಟ್ಟಿಗೆ ಸೋಂಕನ್ನು ತಡೆಯುವ ಪ್ರಯತ್ನದ ಚರಿತ್ರೆಯೇ ಆಗಿದೆ.

1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ತನ್ನ ತೋಳಿನ ಸಿರೆಯಿಂದ ಹೃದಯದತ್ತ ನಳಿಕೆಯನ್ನು ತಾನೇ ತೂರಿಸಿಕೊಂಡು ಎಕ್ಸ್‌ರೇ ಕೋಣೆಗೆ ನಡೆದುಹೋದುದು ಆ ಕಾಲಕ್ಕೆ ದುಸ್ಸಾಹಸವೆನಿಸಿತೇ ಹೊರತು ಚಿಕಿತ್ಸೆಯೆನಿಸಲಿಲ್ಲ. ಅವನಿಗೆ ನೊಬೆಲ್ ಮನ್ನಣೆ ದೊರೆತದ್ದು 1956ರಲ್ಲಿ. 1953ರಲ್ಲಿ ಸೆಲ್ಡಿಂಗರ್ ತಂತಿಯ ಮೇಲೆ ನಳಿಕೆಯನ್ನು ಜಾರಿಸುವ ವಿಧಾನವನ್ನು ತೋರಿಸಿದನು. 1973ರಲ್ಲಿ ಬ್ರೋವಿಯಾಕ್, 1979ರಲ್ಲಿ ಹಿಕ್‌ಮನ್, ನಳಿಕೆಯನ್ನು ಚರ್ಮದಡಿಯ ಸುರಂಗದಲ್ಲಿ ಹಾಯಿಸಿ ಅದಕ್ಕೆ ಡೇಕ್ರಾನ್ ಎಂಬ ಕೃತಕ ನೂಲಿನ ಪಟ್ಟಿಯೊಂದನ್ನು ಸುತ್ತಿದರು. ಕೆಲವು ವಾರಗಳಲ್ಲಿ ದೇಹದ ಅಂಗಾಂಶವು ಆ ಪಟ್ಟಿಯೊಳಕ್ಕೆ ಬೆಳೆದು ಹೊರಗಣ ಹಾದಿಯನ್ನು ಮುಚ್ಚುತ್ತದೆ. ಹೀಗೆ ಚರ್ಮದ ಬಾಗಿಲು ಬಹುಪಾಲು ಮುಚ್ಚಿದ ಮೇಲೆ, ಮುಖ್ಯವಾದ ಅಪಾಯವು ನಳಿಕೆಯ ಬಾಯಿಗೆ, ಅದನ್ನು ತೆರೆಯುವವರ ಬೆರಳುಗಳಿಗೆ ಸರಿಯಿತು.

ಬೀದರ ಜಿಲ್ಲೆಯಲ್ಲಿ ಈ ಸಂಗತಿಗೆ ವಿಶೇಷ ಅರ್ಥವುಂಟು. 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದ ಈ ಸೀಮೆಯು ಮೈಸೂರಿಗೆ ಸೇರಿದ ಬಳಿಕವೂ ಕಠಿಣ ರೋಗದವರು ಹೈದರಾಬಾದಿನ ದಾರಿಯನ್ನು ಬಿಡಲಿಲ್ಲ. 2007ರಲ್ಲಿ ಬೀದರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಯಿತು. ಜಿಲ್ಲಾಮಟ್ಟದ ಡಯಾಲಿಸಿಸ್‌ಗೆ ಕೇಂದ್ರ ಸರ್ಕಾರವು ರಾಷ್ಟ್ರೀಯ ಯೋಜನೆಯನ್ನು 2016ರಲ್ಲಿ ಘೋಷಿಸಿತು. ಆದರೂ ಕುತ್ತಿಗೆಗೆ ಪರ್ಮ್‌ಕ್ಯಾಥ್, ಅಂದರೆ ಡಯಾಲಿಸಿಸ್‌ಗೆ ಬಳಸುವ ಇಂಥ ಸುರಂಗದ ನಳಿಕೆ, ಹಾಕಿಸಿಕೊಳ್ಳುವುದು ದೂರದ ನಗರದಲ್ಲಿ, ಅದನ್ನು ಕಾಪಾಡಿಕೊಳ್ಳುವುದು ಭಾಲ್ಕಿಯದೋ ಔರಾದದ್ದೋ ಹಳ್ಳಿಯಲ್ಲಿ ಎಂಬ ವಿಭಜನೆಯು ಅನೇಕರ ಪಾಲಿಗೆ ಉಳಿದಿದೆ. ನಳಿಕೆ ಹಾಕುವ ಕೌಶಲಕ್ಕೆ ಗೌರವ ಸಲ್ಲುವಷ್ಟು, ಅದನ್ನು ನಿತ್ಯ ಶುದ್ಧವಾಗಿರಿಸುವ ದಾದಿಯ ದುಡಿಮೆಗೆ ಸಲ್ಲದಿರುವುದು ಈ ಕ್ಷೇತ್ರದ ಹಳೆಯ ದೋಷ.

ವಾರಕ್ಕೆ 2 ಬಾರಿ ಡಯಾಲಿಸಿಸ್ ಎಂದರೆ, ಕೆಂಪು ಮತ್ತು ನೀಲಿ ಕ್ಲಾಂಪಿನ 2 ಬಾಯಿಗಳು ವರ್ಷಕ್ಕೆ 200ಕ್ಕೂ ಹೆಚ್ಚು ಸಲ ತೆರೆಯಲ್ಪಡುತ್ತವೆ. ಪ್ರತಿ ಸಲವೂ ಕೈ ತೊಳೆದು, ಮುಖಕ್ಕೆ ಮಾಸ್ಕ್ ಧರಿಸಿ, ಕ್ಲೋರ್‌ಹೆಕ್ಸಿಡಿನ್ ಬೆರೆತ ಮದ್ಯಸಾರದಿಂದ ಬಾಯನ್ನು ಉಜ್ಜಿ, ಅದು ಒಣಗುವವರೆಗೆ ಕಾಯಬೇಕು; ಅವಸರದಲ್ಲಿ ತಪ್ಪುವುದು ಸಾಮಾನ್ಯವಾಗಿ ಈ ಕೊನೆಯ ಕಾಯುವಿಕೆಯೇ. ಬೇಸಗೆಯ ಬೆವರಿಗೆ ಬ್ಯಾಂಡೇಜು ಸಡಿಲುವುದು, ಮೈಮೇಲೆ ತಂಬಿಗೆಯಿಂದ ನೀರು ಸುರಿದುಕೊಳ್ಳುವಾಗ ಗಾಯ ನೆನೆಯುವುದು ಮನೆಯ ಕಡೆಯ ತೊಡಕುಗಳು.

ಸ್ಟೆಫಿಲೊಕಾಕಸ್ ವರ್ಗದ ಜೀವಿಗಳು ನಳಿಕೆಯ ಒಳಗೋಡೆಗೆ ಅಂಟಿ ಲೋಳೆಯ ಪೊರೆ ಕಟ್ಟಿಕೊಂಡರೆ ಔಷಧಿಯ ಪ್ರಭಾವ ಅಲ್ಲಿಗೆ ತಲುಪುವುದು ದುಸ್ಸಾಧ್ಯ. ಯಂತ್ರಕ್ಕೆ ಜೋಡಿಸಿದ ಸ್ವಲ್ಪ ಹೊತ್ತಿನಲ್ಲಿಯೇ ರೋಗಿಗೆ ಮೈಯೆಲ್ಲ ನಡುಗುವ ಚಳಿಜ್ವರ ಬಂದರೆ, ಮಲೇರಿಯವೆಂದು ತಳ್ಳಿಹಾಕದೆ, ಪ್ರತಿಜೈವಿಕಕ್ಕೆ ಮುನ್ನ ನಳಿಕೆಯಿಂದಲೂ ತೋಳಿನಿಂದಲೂ ರಕ್ತ ತೆಗೆದು ಸೂಕ್ಷ್ಮಾಣುಗಳನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳುಹಿಸಬೇಕು. ಸ್ಟೆಫಿಲೊಕಾಕಸ್ ಆರಿಯಸ್ ಅಥವಾ ಕ್ಯಾಂಡಿಡಾ ಶಿಲೀಂಧ್ರ ಕಂಡುಬಂದಲ್ಲಿ ನಳಿಕೆಯನ್ನೇ ತೆಗೆಯುವುದು ಸಾಮಾನ್ಯ ಕ್ರಮ. ಉಪೇಕ್ಷಿಸಿದರೆ ಸೋಂಕು ಹೃದಯದ ಕವಾಟಕ್ಕೂ ಬೆನ್ನೆಲುಬಿಗೂ ಹರಡಬಹುದು.

1966ರಲ್ಲಿ ಬ್ರೆಷಿಯಾ ಮತ್ತು ಚಿಮಿನೋ ವರ್ಣಿಸಿದ ಕೈಯ ಫಿಸ್ಟುಲಾ, ಅಂದರೆ ಧಮನಿ ಸಿರೆಗಳ ಜೋಡಣೆ, ನಳಿಕೆಗಿಂತ ಬಹಳ ಸುರಕ್ಷಿತವಾದ ಮಾರ್ಗ. ಆದರೆ ಅದು ಪಕ್ವವಾಗಲು ವಾರಗಳು ಬೇಕಾಗುವುದರಿಂದ, ಮೂತ್ರಪಿಂಡದ ಸೋಲು ತಡವಾಗಿ ತಿಳಿದವರು ನಳಿಕೆಯಿಂದಲೇ ಆರಂಭಿಸಬೇಕಾಗುತ್ತದೆ. ಸಕ್ಕರೆ ಕಾಯಿಲೆಯವರ ಮೂತ್ರವನ್ನೂ ರಕ್ತದ ಕ್ರಿಯಾಟಿನಿನ್ ಅನ್ನೂ ತಾಲ್ಲೂಕಿನಲ್ಲಿಯೇ ಸಕಾಲಕ್ಕೆ ಪರೀಕ್ಷಿಸಿ, ಫಿಸ್ಟುಲಾಕ್ಕೆ ಬೇಕಾದ ಕೈಯ ಸಿರೆಗೆ ಸೂಜಿ ಚುಚ್ಚದೆ ಕಾಪಾಡುವ ಪದ್ಧತಿಯು ಈ ಕಾರಣದಿಂದ ಸೋಂಕುನಿವಾರಣೆಯ ಭಾಗವೆಂದೇ ಎಣಿಸಲ್ಪಡುತ್ತದೆ.