ನಲವತ್ತಮೂರು ಬಗೆಯ ನಂಟು

ನಲ್ಲಿಯಲ್ಲಿ ನೀರು ಬಾರದ ದಿನ ಯಾವ ಕೊಡ ಅಡಿಗೆಗೆ, ಯಾವುದು ಪಾತ್ರೆಗೆ, ಯಾವುದು ದೇವರ ಮನೆಗೆ ಎಂದು ಲೆಕ್ಕ ಹಾಕುವವರು ನಾವೇ ತಾನೆ? ಮನೆಯೊಳಗಿನ ಈ ಲೆಕ್ಕ ವಿಜ್ಞಾನಕ್ಕೂ ಬೇಕು ಎಂದು ನನಗೆ ಮನವರಿಕೆಯಾದದ್ದು ಅಮೆರಿಕದ ಮೂಲನಿವಾಸಿ ಮಹಿಳೆಯೊಬ್ಬರ ಕೆಲಸದ ಬಗ್ಗೆ ಓದಿದಾಗ.

ಅವರು ಜಲವಿಜ್ಞಾನಿ ಕಾರ್ಲೆಟಾ ಚೀಫ್. ನವಾಹೊ ಜನಾಂಗದವರು. ತಮ್ಮ ಭಾಷೆಯಲ್ಲಿ ಆ ಜನ ತಮ್ಮನ್ನು ‘ದಿನೇ’ ಎಂದು ಕರೆದುಕೊಳ್ಳುತ್ತಾರೆ. ೧೮೬೪ರಲ್ಲಿ ಅಮೆರಿಕದ ಸೈನ್ಯ ಇವರನ್ನು ನೂರಾರು ಮೈಲಿ ನಡೆಸಿ ತಾಯಿನೆಲದಿಂದ ಹೊರಗಟ್ಟಿತು. ೧೮೬೮ರ ಒಪ್ಪಂದದ ಮೇಲೆ ಅವರು ಮರಳಿದರು. ನೆಲವೇನೋ ಸಿಕ್ಕಿತು, ನೀರಿನ ಭರವಸೆ ಸಿಗಲಿಲ್ಲ. ಇಂದಿಗೂ ಸುಮಾರು ಮೂರರಲ್ಲೊಂದು ಮನೆಗೆ ನಲ್ಲಿಯಿಲ್ಲ. ದೂರದಿಂದ ನೀರು ತುಂಬಿ ತರಬೇಕು.

ಅರಿಜೋನಾದ ಬ್ಲ್ಯಾಕ್ ಮೆಸಾದಲ್ಲಿ ಕಾರ್ಲೆಟಾ ಬೆಳೆದ ಮನೆಯಲ್ಲೂ ನಲ್ಲಿಯಿರಲಿಲ್ಲ, ವಿದ್ಯುತ್ತೂ ಇರಲಿಲ್ಲ. ಆದರೆ ಅದೇ ಸೀಮೆಯ ಅಂತರ್ಜಲವನ್ನು ಮೇಲೆತ್ತಿ, ಕಲ್ಲಿದ್ದಲ ಪುಡಿಯೊಡನೆ ಕಲಸಿ, ೨೭೩ ಮೈಲಿ ದೂರದ ವಿದ್ಯುತ್ ಸ್ಥಾವರಕ್ಕೆ ಕೊಳವೆಯಲ್ಲಿ ಸಾಗಿಸುತ್ತಿದ್ದರು. ಅದು ನಿಂತದ್ದು ೨೦೦೫ರ ಕೊನೆಗೆ. ಈ ವಿಪರೀತವನ್ನು ಕಂಡು ಬೆಳೆದ ಹುಡುಗಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಓದಿ, ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ಅಲ್ಲಿಯೇ ಪ್ರಾಧ್ಯಾಪಕಿಯಾದರು.

೨೦೧೫ರ ಆಗಸ್ಟ್ ೫ರಂದು ಕೊಲೊರಾಡೊದ ಗೋಲ್ಡ್ ಕಿಂಗ್ ಎಂಬ ಹಳೆಯ ಗಣಿಯಲ್ಲಿ, ಸರ್ಕಾರದ ಪರಿಸರ ರಕ್ಷಣಾ ಸಂಸ್ಥೆಯ ಕೆಲಸ ನಡೆದಿದ್ದಾಗಲೇ ಒಳಗೆ ಕಟ್ಟಿಕೊಂಡಿದ್ದ ನೀರು ಒಡೆದು ನುಗ್ಗಿತು. ಸೀಸ, ಆರ್ಸೆನಿಕ್ ಬೆರೆತ ಮೂವತ್ತು ಲಕ್ಷ ಗ್ಯಾಲನ್ ನೀರು! ಆನಿಮಾಸ್ ನದಿ ಅರಿಸಿನ ಕದಡಿದಂತಾಯಿತು. ಅದು ಸ್ಯಾನ್ ಹುವಾನ್ ನದಿ ಸೇರಿ ನವಾಹೊ ನಾಡಿಗೆ ಹರಿಯಿತು. ರೈತರು ಕಾಲುವೆ ಮುಚ್ಚಿದರು. ಜೋಳದ ಪೈರು ಒಣಗಿತು.

ಅಪಾಯ ಎಷ್ಟೆಂದು ಅಳೆಯುವಾಗ ಆ ಸಂಸ್ಥೆ ಕಣ್ಣ ಮುಂದಿಟ್ಟುಕೊಂಡದ್ದು ವಿಹಾರಕ್ಕೆಂದು ನದಿಯ ದಂಡೆಗೆ ಬಂದುಹೋಗುವವರನ್ನು. ಕಾರ್ಲೆಟಾ ಮತ್ತು ಸಂಗಡಿಗರು ಮಣ್ಣು, ನೀರಿನ ಮಾದರಿ ತೆಗೆದದ್ದಲ್ಲದೆ ಜನರನ್ನೇ ಕೂರಿಸಿ ಕೇಳಿದರು: ಈ ನದಿ ನಿಮಗೆ ಯಾವುದಕ್ಕೆಲ್ಲ ಬೇಕು? ಹೊಲಕ್ಕೆ, ಕುರಿಗಳಿಗೆ, ಮಕ್ಕಳ ಆಟಕ್ಕೆ, ಪ್ರಾರ್ಥನೆಗೆ... ಪಟ್ಟಿ ಬೆಳೆಯುತ್ತಾ ನಲವತ್ತಮೂರು ಬಗೆಯಾಯಿತು. ಬಂದುಹೋಗುವವರ ಲೆಕ್ಕಕ್ಕೂ ದಂಡೆಯಲ್ಲೇ ಬಾಳುವವರ ಲೆಕ್ಕಕ್ಕೂ ಇದ್ದ ಅಂತರ ಆಗ ಕಾಗದದ ಮೇಲೆ ಬಂತು. ನೀರು ಹೊತ್ತ ಮನೆಯವರಲ್ಲದೆ ಇನ್ಯಾರು ಆ ಪ್ರಶ್ನೆ ಕೇಳಿಯಾರು?

ಕಷ್ಟ ತೀರಿತೆಂದಲ್ಲ. ೨೦೦೦ದಿಂದೀಚೆಗೆ ಆ ಸೀಮೆಯಲ್ಲಿ ಬರ ಬಿಗಿಯುತ್ತಲೇ ಇದೆ. ನವಾಹೊಗಳಿಗೆ ನೀರು ದೊರಕಿಸಲು ಕ್ರಮ ಕೈಗೊಳ್ಳುವ ಹೊಣೆಯನ್ನು ೧೮೬೮ರ ಒಪ್ಪಂದ ಸರ್ಕಾರದ ಮೇಲೆ ಹೊರಿಸಿಲ್ಲವೆಂದು ೨೦೨೩ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಐವರು ಹಾಗೆಂದರು, ನಾಲ್ವರು ಒಪ್ಪಲಿಲ್ಲ. ಇತ್ತ ಕಾರ್ಲೆಟಾ ತಮ್ಮ ವಿದ್ಯಾರ್ಥಿಗಳೊಡನೆ, ವಿದ್ಯುತ್ ತಂತಿ ಮುಟ್ಟದ ಮನೆಗಳಿಗಾಗಿ ಬಿಸಿಲಿನಿಂದಲೇ ನಡೆಯುವ ನೀರು ಶುದ್ಧೀಕರಣದ ಘಟಕಗಳಲ್ಲಿ ತೊಡಗಿದರು. ತೀರ್ಪು ಏನೇ ಇರಲಿ, ಸಂಜೆಯ ಅಡಿಗೆಗೆ ನೀರು ಬೇಕಲ್ಲ.