ಗಾಳಿ ಒಲ್ಲದ ಅಂಟು

ತಿರುಗುವ ಉಕ್ಕಿನ ದಂಡದ ಮೇಲೆ ಗಾಲಿ, ಬುಷ್, ಬೇರಿಂಗ್ ಮೊದಲಾದ ದುಂಡನೆಯ ಭಾಗಗಳನ್ನು ಅಲುಗದಂತೆ ಕೂರಿಸುವುದು ಕಾರ್ಖಾನೆಯವರಿಗೆ ಹಿಂದಿನಿಂದಲೂ ತಲೆನೋವಿನ ಕೆಲಸ. ಹಳ್ಳಿಯ ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಬಂಡಿಯ ಚಕ್ರಕ್ಕೆ ತೊಡಿಸಿ, ನೀರೆರೆದು ಬಿಗಿಗೊಳಿಸುತ್ತಿದ್ದುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಕಾರ್ಖಾನೆಯ ಉಪಾಯವೂ ಅದೇ ಜಾತಿಯದು. ರಂಧ್ರವನ್ನು ದಂಡಕ್ಕಿಂತ ತುಸುವೇ ಕಿರಿದಾಗಿ ಕೊರೆದು, ಕಾಯಿಸಿಯೋ ಒತ್ತಿಯೋ ಒಂದರೊಳಗೊಂದನ್ನು ಸೇರಿಸುತ್ತಿದ್ದರು.

ಇದರಲ್ಲಿ ಬಿಗಿಯೇನೋ ಉಂಟು, ಕೊರತೆಯೂ ಉಂಟು. ಎಷ್ಟೇ ನಯವಾಗಿ ತೀಡಿದ ಲೋಹವಾದರೂ ಸೂಕ್ಷ್ಮವಾಗಿ ನೋಡಿದರೆ ಉಬ್ಬುತಗ್ಗುಗಳ ನೆಲ. ಉಬ್ಬುಗಳು ಮಾತ್ರ ಒಂದನ್ನೊಂದು ತಾಗುತ್ತವೆ, ತಗ್ಗುಗಳು ಬರಿದಾಗಿರುತ್ತವೆ. ಯಂತ್ರ ನಡುಗಿದಂತೆಲ್ಲ ಲೋಹ ಲೋಹವನ್ನು ಸವೆಸಿ, ತುಕ್ಕಿನ ಬಣ್ಣದ ಪುಡಿಯೆದ್ದು, ಕೊನೆಗೆ ಹಿಡಿತವೇ ಸಡಿಲವಾಗುತ್ತದೆ.

1940ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರಸಾಯನಜ್ಞರಿಗೆ ವಿಚಿತ್ರವಾದ ದ್ರವವೊಂದು ದೊರೆಯಿತು. ನಾವು ಬಲ್ಲ ಗೋಂದು ಗಾಳಿಗೆ ಒಣಗುತ್ತದೆ. ಇದರ ನಡತೆಯೋ ತಿರುಗುಮುರುಗು. ಗಾಳಿಯ ಆಮ್ಲಜನಕ ತಗುಲುತ್ತಿರುವಷ್ಟು ಕಾಲ ದ್ರವವಾಗಿದ್ದು, ಅದು ತಪ್ಪಿದೊಡನೆ ಗಟ್ಟಿಯಾಗುತ್ತಿತ್ತು. ಹಾಗೆ ಗಟ್ಟಿಯಾಗದಂತೆ ಅದರೊಳಗೆ ಸದಾ ಗಾಳಿ ಊದುತ್ತಲೇ ಇರಬೇಕಾಗಿತ್ತು. ಮಾರುವ ಸೀಸೆಗೆ ತಿದಿಯೊತ್ತುತ್ತ ಕೂರುವವರು ಯಾರು?

ಹಾರ್ಟ್‌ಫರ್ಡ್ ನಗರದ ಟ್ರಿನಿಟಿ ಕಾಲೇಜಿನಲ್ಲಿ ವರ್ನನ್ ಕ್ರೀಬಲ್ ಎಂಬವರು 1920ರಿಂದಲೂ ರಸಾಯನಶಾಸ್ತ್ರದ ಅಧ್ಯಾಪಕರು. ಮಗ ರಾಬರ್ಟ್ ಜನರಲ್ ಎಲೆಕ್ಟ್ರಿಕ್‌ನಲ್ಲಿ ರಸಾಯನಜ್ಞ. ಮಗನ ಬಾಯಿಂದ ಈ ದ್ರವದ ಸುದ್ದಿ ಕೇಳಿ, 1953ರಲ್ಲಿ ಅವರು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ತೊಡಗಿದರು. 1885ರಲ್ಲಿ ಹುಟ್ಟಿದ ಅವರು ಆಗ ನಿವೃತ್ತಿಯ ಹೊಸ್ತಿಲಲ್ಲಿದ್ದರು. ಜೀವಮಾನವಿಡೀ ಪಾಠ ಹೇಳಿದವರು ಅಷ್ಟು ಹೊತ್ತಿನಲ್ಲಿ ಉದ್ಯಮಕ್ಕಿಳಿಯುವುದೆಂದರೆ ಸಣ್ಣ ಧೈರ್ಯವಲ್ಲ.

ಹೈಡ್ರೋಪೆರಾಕ್ಸೈಡ್ ವರ್ಗದ ವಸ್ತುವನ್ನು ಬೆರೆಸಿ, ಗಾಳಿ ಊದದೆಯೂ ಸೀಸೆಯಲ್ಲಿ ದ್ರವವಾಗಿಯೇ ಉಳಿಯುವ ಅಂಟನ್ನು ಅವರು ಸಿದ್ಧಪಡಿಸಿದರು. ಸೀಸೆಯೂ ಪಾಲಿಎಥಿಲೀನಿನದು, ಅದರ ಗೋಡೆಯ ಮೂಲಕ ಆಮ್ಲಜನಕ ನುಸುಳಬಲ್ಲದು. ಸೀಸೆಯನ್ನು ಪೂರ್ತಿ ತುಂಬದೆ ಒಳಗೂ ಗಾಳಿಗೆ ಎಡೆ ಬಿಡುತ್ತಾರೆ. ಅಂಟು ಬಳಿದ ದಂಡವನ್ನು ರಂಧ್ರಕ್ಕೆ ತೂರಿಸಿದಾಗ ಆ ತಗ್ಗುಗಳೆಲ್ಲ ತುಂಬಿ ಗಾಳಿ ಹೊರಬೀಳುತ್ತದೆ. ಕಬ್ಬಿಣ, ತಾಮ್ರಗಳ ಸೋಂಕಿನಿಂದ ಪೆರಾಕ್ಸೈಡು ಒಡೆದು, ಚಿಕ್ಕ ಅಣುಗಳು ಸರಪಳಿಯಂತೆ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಅಂಚಿನಲ್ಲಿ ಹೊರಚೆಲ್ಲಿದ್ದು ಮಾತ್ರ ಹಸಿಯಾಗಿಯೇ ಉಳಿಯುವುದರಿಂದ ಬಟ್ಟೆಯಿಂದ ಒರೆಸಿದರಾಯಿತು. ಸತು, ತುಕ್ಕುಹಿಡಿಯದ ಉಕ್ಕುಗಳ ಮೇಲೆ ಈ ಕ್ರಿಯೆ ನಿಧಾನ, ಅಲ್ಲಿ ಪ್ರಚೋದಕ ದ್ರವವೊಂದನ್ನು ಮೊದಲು ಬಳಿಯುವರು.

ಅಂಟಿಗೆ ‘ಲಾಕ್‌ಟೈಟ್’ ಎಂದು ಹೆಸರಿಟ್ಟವರು ರಾಬರ್ಟರ ಪತ್ನಿ ನ್ಯಾನ್ಸಿ. ಬೀಗ ಮತ್ತು ಬಿಗಿ ಎಂಬರ್ಥದ ಎರಡು ಇಂಗ್ಲಿಷ್ ಪದಗಳ ಸಮಾಸ. ವ್ಯಾಕರಣದವರು ಮೆಚ್ಚತಕ್ಕದ್ದೇ! 1956ರಲ್ಲಿ ಅದನ್ನು ನ್ಯೂಯಾರ್ಕಿನಲ್ಲಿ ಲೋಕಕ್ಕೆ ಪ್ರಕಟಿಸಿದರು. 1959ರಲ್ಲಿ ಪೇಟೆಂಟು ದೊರೆಯಿತು. 1963ರಲ್ಲಿ ಕಂಪನಿಯೇ ಆ ಹೆಸರನ್ನು ತಾಳಿತು. ಮರುವರ್ಷ ಕ್ರೀಬಲ್ಲರು ತೀರಿಕೊಂಡರು.

ಮೊದಮೊದಲು ಈ ಅಂಟು ಹಿಡಿದದ್ದು ಬೋಲ್ಟು ನಟ್ಟುಗಳನ್ನು. ಬೇರಿಂಗ್, ಬುಷ್‌ಗಳಿಗೆಂದೇ ಹೆಚ್ಚು ಬಲದ ಬಗೆಗಳು ಬಳಿಕ ಬಂದವು. ಅವನ್ನು ಬಳಸಿದರೆ ರಂಧ್ರವನ್ನು ಅಷ್ಟು ಕಿರಿದಾಗಿ ಕೊರೆಯಬೇಕಿಲ್ಲ, ಕೈಯಿಂದಲೇ ಭಾಗವನ್ನು ಕೂರಿಸಬಹುದು. ಸವೆದ ಬೇರಿಂಗನ್ನು ಕೀಳಬೇಕಾದಾಗ ಫಿಟ್ಟರನು ಜೋಡಣೆಯನ್ನು ಸುಮಾರು 250 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಬಿಸಿ ಆರುವ ಮೊದಲೇ ಎಳೆದು ತೆಗೆಯುತ್ತಾನೆ.