ಮಾರೋವಿಂಡ್ ಆಟದಲ್ಲಿ ಭವಿಷ್ಯವಾಣಿಯೂ ಪುರುಷಕಾರವೂ

ಪಾತ್ರಧಾರಣೆಯ ವಿಡಿಯೋ ಆಟಗಳಲ್ಲಿ ಭವಿಷ್ಯವಾಣಿಯು ಅನೇಕ ವೇಳೆ ಕಥೆಗೆ ನಿಯಾಮಕವಾಗಿರುತ್ತದೆ. ಮುಂದಾಗತಕ್ಕುದು ಮೊದಲೇ ನಿಶ್ಚಿತವಾಗಿದ್ದರೆ ಆಟಗಾರನ ಸ್ವಾತಂತ್ರ್ಯಕ್ಕೆ ಎಡೆಯೆಲ್ಲಿ? ಅಮೆರಿಕೆಯ ಬೆಥೆಸ್ಡಾ ಸಂಸ್ಥೆಯವರು 2002ರಲ್ಲಿ ಪ್ರಕಟಿಸಿದ ‘ಮಾರೋವಿಂಡ್’ ಆಟದಲ್ಲಿ ಈ ಶಂಕೆಗೆ ಸಮಾಧಾನವು ದೊರೆಯುತ್ತದೆ.

ನೆರೆವಾರನೆಂಬ ಪ್ರಾಚೀನ ವೀರನು ಮರಳಿ ಹುಟ್ಟುವನೆಂಬುದು ಆ ಕಥೆಯ ಬೂದಿನಾಡಿನ ಅಲೆಮಾರಿಗಳ ನಂಬುಗೆ. ಮೂವರು ಜೀವಂತ ದೇವತೆಗಳನ್ನು ಪೂಜಿಸುವ ಮತಸಂಸ್ಥೆಯು ಇದನ್ನು ಪಾಷಂಡವೆಂದು ಖಂಡಿಸುತ್ತದೆ. ಚಕ್ರವರ್ತಿಯಾದರೋ, ಜನ್ಮದಿನವೇ ಮೊದಲಾದ ಕೆಲವು ಲಕ್ಷಣಗಳು ಹೊಂದುವ ಸೆರೆಯಾಳೊಬ್ಬನನ್ನು ಬಿಡಿಸಿ, ರಾಜಕಾರ್ಯಾರ್ಥವಾಗಿ ಅಲ್ಲಿಗೆ ಕಳುಹಿಸುತ್ತಾನೆ. ಆ ಸೆರೆಯಾಳೇ ಆಟಗಾರನು.

ಲಕ್ಷಣಗಳು ಕೂಡಿದ ಮಾತ್ರಕ್ಕೆ ಅವತಾರವು ಸಿದ್ಧಿಸದು. ಹಿಂದೆ ಯತ್ನಿಸಿ ವಿಫಲರಾದವರ ಪ್ರೇತಗಳು ಗುಹೆಯೊಂದರಲ್ಲಿ ಎದುರಾಗುತ್ತವೆ. ಇಷ್ಟೇ ಅಲ್ಲ, ಕಥೆಗೆ ಆವಶ್ಯಕನಾದವನನ್ನು ಆಟಗಾರನು ಕೊಂದರೂ ಆಟವು ತಡೆಯದು. ಭವಿಷ್ಯವಾಣಿಯ ಎಳೆ ಕಡಿಯಿತೆಂದು ತಿಳಿಸಿ, ಹಿಂದಿನ ಸ್ಥಿತಿಗೆ ಮರಳಲೂ ಹಾಗೆಯೇ ಮುಂದುವರಿಯಲೂ ಬಿಡುತ್ತದೆ. ಆ ಬಳಿಕವೂ ವಿವೆಕ್ ಎಂಬ ದೇವತೆಯನ್ನು ಕೊಂದು ಅವನಲ್ಲಿದ್ದ ಕೈಗವಸನ್ನು ಪಡೆದು, ಡ್ವೆಮರ್ ಕುಲದ ಕಡೆಯವನಾದ ಯಗ್ರಮ್ ಬಗಾರ್ನನಿಂದ ಅದನ್ನು ಸಜ್ಜುಗೊಳಿಸಿಕೊಂಡು, ಶತ್ರುವಾದ ಡಾಗೋತ್ ಉರನನ್ನು ಗೆಲ್ಲಬಹುದು.

ಅದೇ ಸಂಸ್ಥೆಯ 2006ರ ‘ಅಬ್ಲಿವಿಯನ್’ ಆಟದಲ್ಲಿಯೂ ಚಕ್ರವರ್ತಿಯು ನಾಯಕನ ಮುಖವನ್ನು ಸ್ವಪ್ನದಲ್ಲಿ ಕಂಡಿರುತ್ತಾನೆ. ಆದರೆ ಅಲ್ಲಿ ಕಥೆಗೆ ಆವಶ್ಯಕರಾದವರು ಆಟಗಾರನ ಏಟಿಗೆ ಸಾಯುವುದಿಲ್ಲ. ಮೂರ್ಛೆಹೋಗಿ ಮತ್ತೆ ಏಳುತ್ತಾರೆ. ಇದರಿಂದ ಕಥೆಗೆ ರಕ್ಷಣೆಯಾಯಿತು, ಕರ್ತೃತ್ವಕ್ಕೆ ಹಾನಿಯಾಯಿತು. ತಪ್ಪಿಹೋಗಲು ಅವಕಾಶವಿದ್ದಲ್ಲಿ ಮಾತ್ರ ಭವಿಷ್ಯವಾಣಿಯನ್ನು ನೆರವೇರಿಸಿದವನ ಪುರುಷಕಾರಕ್ಕೆ ಬೆಲೆಯುಂಟು.